ಎರಡು ಸಲ ಹಾಕಿದ ರಂಗೋಲಿ

ವಠಾರದಲ್ಲಿದ್ದದ್ದು ಎಂಟು ಮನೆ. ಪಿಚ್ಚರ್‌ಗೆ ಹೊರಟದ್ದು ಏಳು ಮನೆಯ ಹೆಂಗಸರು.

1976ರ ಬೇಸಿಗೆ, ನನಗೆ ಹತ್ತು ವರ್ಷ. ರಾಜಾಜಿನಗರದ ಆರನೇ ಬ್ಲಾಕಿನಿಂದ ಮಾಗಡಿ ರಸ್ತೆಗಿಳಿದು, ಟೋಲ್‌ಗೇಟ್ ದಾಟಿ, ಕಾಮಾಕ್ಷಿಪಾಳ್ಯದ ಕಡೆ ನಡೆದರೆ ಆಗೊಂದು ಟೆಂಟ್ ಸಿಗುತ್ತಿತ್ತು. ಮೇಲೆ ತೇಪೆ ಹಾಕಿದ ಗುಡಾರ, ಕೆಳಗೆ ಮರಳು, ಹಿಂದೆ ನಾಲ್ಕು ಸಾಲು ಬೆಂಚು, ಅದರ ಹಿಂದೆ ದೊಡ್ಡ ಮನುಷ್ಯರಿಗೆ ಕುರ್ಚಿ. ಮೈಕಿನಲ್ಲಿ ಘಂಟಸಾಲರ 'ನಮೋ ವೆಂಕಟೇಶ' ಕೇಳಿಸಿತೆಂದರೆ ಆಟ ಶುರುವಾಗಲು ಇನ್ನು ಸ್ವಲ್ಪವೇ ಹೊತ್ತು. ಆ ಹಾಡು ಕಿವಿಗೆ ಬಿದ್ದ ಜಾಗದಿಂದ ಅಮ್ಮ ನಡೆಯುತ್ತಿರಲಿಲ್ಲ, ಸೀರೆಯ ನೆರಿಗೆ ಎತ್ತಿ ಹಿಡಿದು ಓಡುತ್ತಿದ್ದಳು. ಹೆಂಗಸರ ಕಡೆ, ಗಂಡಸರ ಕಡೆ ಎಂದು ನಡುವೆ ಒಂದು ಹಗ್ಗ. ಹತ್ತು ವರ್ಷದ ಹುಡುಗ ಹಗ್ಗದ ಎರಡೂ ಕಡೆಗೆ ಸಲ್ಲುತ್ತಾನೆ. ಅವತ್ತು ನಾನು ಹೆಂಗಸರ ಕಡೆ ಕೂತೆ. ಮರಳನ್ನು ಗುಡ್ಡೆ ಮಾಡಿ ಮೇಲೆ ಟವೆಲ್ ಹಾಸಿಕೊಂಡರೆ ನೆಲದ ಟಿಕೆಟ್ಟಿಗೂ ಬೆಂಚಿನ ಸುಖ. ಹಿಂದಿನವರು ಬೈಯುವವರೆಗೆ ಮಾತ್ರ.

ಪಿಚ್ಚರ್ 'ಶರಪಂಜರ'. ಅಷ್ಟು ಹೊತ್ತಿಗೆ ಅದು ಐದು ವರ್ಷ ಹಳತು. ಗಾಂಧಿನಗರದಲ್ಲಿ ಓಡಿ, ಬೇರೆ ಬೇರೆ ಊರು ಸುತ್ತಿ, ಗೀರು ಬಿದ್ದು ತೆರೆಯ ಮೇಲೆ ಸದಾ ಮಳೆ ಸುರಿಯುವ ಸ್ಥಿತಿಯಲ್ಲಿ ನಮ್ಮ ಟೆಂಟಿಗೆ ಬಂದಿತ್ತು. ಒಂದೇ ಪ್ರೊಜೆಕ್ಟರ್, ರೀಲು ಬದಲಾಯಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ದೀಪ ಹತ್ತಿದಾಗ ನಾನು ತಿರುಗಿ ನೋಡಿದರೆ ಏಳು ಮನೆಯ ಹೆಂಗಸರೂ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಕೊನೆಯ ರೀಲಿನಲ್ಲಿ ನಮ್ಮ ಎದುರುಮನೆಯವರು ಎಷ್ಟು ಜೋರಾಗಿ ಅತ್ತರೆಂದರೆ ಹಗ್ಗದ ಆಚೆಯ ಗಂಡಸೊಬ್ಬ 'ಸ್ವಲ್ಪ ತಡ್ಕೊಳಮ್ಮಾ, ಡೈಲಾಗ್ ಕೇಳ್ಸಲ್ಲ' ಎಂದು ಕೂಗಿದ. ಕತ್ತಲಲ್ಲಿ ಮನೆಗೆ ನಡೆಯುವಾಗ ಟೋಲ್‌ಗೇಟ್‌ವರೆಗೆ ಯಾರೂ ತುಟಿ ಬಿಚ್ಚಲಿಲ್ಲ. ಟೋಲ್‌ಗೇಟ್ ದಾಟಿದ ಮೇಲೆ ಕಲ್ಪನಾ ಉಟ್ಟ ಸೀರೆಗಳ ಮಾತು ಶುರುವಾಯಿತು.

ಈ ಚಿತ್ರ ನೋಡದೆ ಬೆಳೆದವರಿಗಾಗಿ ಕಥೆ ನಾಲ್ಕು ಮಾತಿನಲ್ಲಿ. ಕಾವೇರಿ ಓದಿದ ಹುಡುಗಿ, ಚೆಲುವೆ, ಮೆಚ್ಚಿ ಮದುವೆಯಾದ ಗಂಡ. ಎರಡನೆಯ ಹೆರಿಗೆಯಾದ ಮೇಲೆ ಅವಳ ಮನಸ್ಸು ಕೆಡುತ್ತದೆ. ಮದುವೆಗೆ ಮೊದಲು ನಡೆದು ಹೋದ ಒಂದು ಘಟನೆ ಆ ಸ್ಥಿತಿಯಲ್ಲಿ ಬಾಯಿಗೆ ಬಂದುಬಿಡುತ್ತದೆ. ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಬಂದರೆ ಗಂಡ ಇನ್ನೊಬ್ಬಳ ಕಡೆ ವಾಲಿದ್ದಾನೆ. ಉಳಿದವರಿಗೋ, ಅವಳು ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಆ ಅನುಮಾನದ ನಡುವೆ ಬದುಕಲಾರದೆ ಮತ್ತೆ ಹುಚ್ಚಿಯಾಗುತ್ತಾಳೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ. ನಿರ್ದೇಶನ ಪುಟ್ಟಣ್ಣ ಕಣಗಾಲ್, ಸಂಗೀತ ವಿಜಯಭಾಸ್ಕರ್, ಗಂಡನಾಗಿ ಗಂಗಾಧರ್, ಕಾವೇರಿಯಾಗಿ ಕಲ್ಪನಾ. ಕಾದಂಬರಿ ತ್ರಿವೇಣಿಯವರದು. ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಇನ್ನು ಎಂಟನೆಯ ಮನೆ.

ನಮ್ಮ ವಠಾರದ ಯಜಮಾನರು ಮನೆಗಳನ್ನು ಎದುರುಬದುರು ಕಟ್ಟಿಸಿ, ಉಳಿದ ಮೂಲೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಅಂಟಿಸಿ ಅದಕ್ಕೂ ಬಾಡಿಗೆ ವಸೂಲು ಮಾಡುತ್ತಿದ್ದರು. ಅಲ್ಲಿದ್ದವರು ಮೂಲೆಮನೆ ಅಕ್ಕ. ಇಪ್ಪತ್ತೈದು ಇಪ್ಪತ್ತಾರರ ಹೆಂಗಸು, ಗಂಡ ನಮ್ಮಪ್ಪನ ಹಾಗೆಯೇ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ. ಆ ಕಾಲದ ರಾಜಾಜಿನಗರ ಇಂಥವರಿಂದಲೇ ತುಂಬಿತ್ತು: ಶಿಫ್ಟಿನ ಸೈರನ್ನಿಗೆ ಏಳುವವರು, ಶಿಫ್ಟಿನ ಸೈರನ್ನಿಗೆ ಉಣ್ಣುವವರು. ಕಾರ್ಡ್ ರೋಡಿನ ಪಶ್ಚಿಮಕ್ಕೆ ಇನ್ನೂ ಅಲ್ಲಲ್ಲಿ ರಾಗಿ ಹೊಲ ಉಳಿದಿತ್ತು. ಬಸವೇಶ್ವರನಗರದ ಕಡೆ ಸೈಟು ಕೊಂಡೆ ಎಂದವರನ್ನು ಕಾಡಿಗೆ ಹೋದವರ ಹಾಗೆ ಜನ ನೋಡುತ್ತಿದ್ದರು.

ವಠಾರಕ್ಕೆ ಒಂದೇ ನಲ್ಲಿ. ಊರಿಗೆ 1974ರಲ್ಲಿ ಕಾವೇರಿ ಮೊದಲನೆ ಹಂತದ ನೀರು ಬಂದು ಎರಡು ವರ್ಷವಾಗಿತ್ತು. ನಮ್ಮ ಕಡೆಯವರಿಗೆ ಮಾತ್ರ ಬಾಯಲ್ಲಿ ಇನ್ನೂ ಅದು ತಿಪ್ಪಗೊಂಡನಹಳ್ಳಿ ನೀರೇ. ಅರ್ಕಾವತಿಗೆ 1933ರಲ್ಲಿ ಕಟ್ಟಿದ ಕೆರೆಯದು, ಮಾಗಡಿ ರಸ್ತೆಯುದ್ದಕ್ಕೂ ಊರೊಳಗೆ ಬರುತ್ತಿದ್ದ ನೀರು. ಬೆಳಗಿನ ನಾಲ್ಕೂವರೆಗೆ ನಲ್ಲಿ ಗೊರಗೊರ ಎಂದರೆ ಎಂಟು ಮನೆಯ ಕೊಡಗಳೂ ಸಾಲಿಗೆ ಬರಬೇಕು. ವಠಾರದ ಅಷ್ಟೂ ಸುದ್ದಿ, ತೀರ್ಪು, ಶಿಕ್ಷೆ ಆ ಸಾಲಿನಲ್ಲೇ.

1975ರ ಕೊನೆಯಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ಕುಣಿಗಲ್ ಕಡೆಯ ತವರಿಗೆ ಹೋದರು. ಗಂಡು ಮಗು ಎಂದು ಸುದ್ದಿ ಬಂತು, ಸಕ್ಕರೆ ಹಂಚಿದ್ದಾಯಿತು. ಹತ್ತು ಹದಿನೈದು ದಿನ ಕಳೆದ ಮೇಲೆ ಬಂದ ಸುದ್ದಿ ಬೇರೆ. ನಿದ್ದೆಯಿಲ್ಲವಂತೆ, ಮಗು ತನ್ನದಲ್ಲ, ಬದಲಾಯಿಸಿದ್ದಾರೆ ಅನ್ನುತ್ತಾಳಂತೆ, ರಾತ್ರಿ ಎದ್ದು ಬಾವಿಯ ಕಡೆ ಹೊರಟಳಂತೆ. ಗಾಳಿ ಎಂದು ಒಂದು ದೇವಸ್ಥಾನ, ದೃಷ್ಟಿ ಎಂದು ಇನ್ನೊಂದು ದೇವಸ್ಥಾನ ಸುತ್ತಿಸಿ, ಕೊನೆಗೆ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರು ಬಂದು ಆಗಿನ್ನೂ ವರ್ಷ ಕಳೆದಿತ್ತು ಅಷ್ಟೆ. ವಠಾರದಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹುಚ್ಚಾಸ್ಪತ್ರೆ ಎನ್ನುತ್ತಿದ್ದರು. ಮರ್ಯಾದೆಯಾಗಿ ಹೇಳಬೇಕೆಂದರೆ ಡೈರಿ ಸರ್ಕಲ್ ಕಡೆ ಎನ್ನುತ್ತಿದ್ದರು.

ಯುಗಾದಿಯ ಹೊತ್ತಿಗೆ ಅಕ್ಕ ವಾಪಸು ಬಂದರು, ಕಂಕುಳಲ್ಲಿ ಮಗು. ಮುಖ ಕೊಂಚ ಊದಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಮಾತ್ರೆಯ ಪರಿಣಾಮ ಎಂದು ಈಗ ಗೊತ್ತು. ಆಗ ಅದು ನಲ್ಲಿಯ ಸಾಲಿಗೆ ಪುರಾವೆಯಾಗಿತ್ತು. ಯಾರೂ ಜಗಳ ಆಡಲಿಲ್ಲ, ಯಾರೂ ಒಂದು ಕೆಟ್ಟ ಮಾತು ಎದುರಿಗೆ ಆಡಲಿಲ್ಲ. ಅವರು ಸಾಲಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಒಂದು ಚಮಚ ಸಕ್ಕರೆ ಕೇಳಲು ಬಾಗಿಲಿಗೆ ಬಂದರೆ ಅಮ್ಮ ಮೊದಲು ಈಳಿಗೆಮಣೆಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿ, ಆಮೇಲೆ 'ಬಾಮ್ಮಾ' ಅನ್ನುತ್ತಿದ್ದಳು. ಸಕ್ಕರೆ ಕೊಡುತ್ತಿದ್ದಳು, ಬಿಡಿ. ಇಲ್ಲವೆಂದು ಒಂದು ದಿನವೂ ಕಳಿಸಿದವಳಲ್ಲ.

ಪಿಚ್ಚರ್ ನೋಡಿ ಬಂದ ಮೇಲೆ ಈ ಹೆಂಗಸರು ಬದಲಾಗುತ್ತಾರೆ ಎಂದು ನೀವು ಕಾಯುತ್ತಿದ್ದರೆ, ಇಲ್ಲ. ನಡೆದದ್ದು ಇಷ್ಟು: ಅದುವರೆಗೆ ಮೂಲೆಮನೆಯವಳು ಎಂದಷ್ಟೇ ಕರೆಸಿಕೊಳ್ಳುತ್ತಿದ್ದವರಿಗೆ ಒಂದು ಹೆಸರು ಸಿಕ್ಕಿತು. 'ಶರಪಂಜರ ಬಂದ್ಲು ನೋಡೇ', 'ಶರಪಂಜರದ್ದು ಇವತ್ತು ಸ್ನಾನ ಆಗಿಲ್ಲ', 'ಲೋ, ಶರಪಂಜರದ ಮನೆ ಹತ್ರ ಹೋಗ್ಬೇಡ'. ಮೂರು ದಿನ ಹಿಂದೆ ಕಾವೇರಿಗಾಗಿ ಸೆರಗು ತೋಯಿಸಿಕೊಂಡಿದ್ದ ಅದೇ ಏಳು ಬಾಯಿಗಳು. ಯಾರಿಗೂ ಇದು ವಿಚಿತ್ರ ಅನಿಸಲಿಲ್ಲ. ನನಗೂ.

ಆ ವಠಾರದ ಸುದ್ದಿಗಾರ ನಾನು. ಹಳೇ ಸೈಕಲ್ ಟೈರೊಂದನ್ನು ಕೋಲಿನಿಂದ ಹೊಡೆದುಕೊಂಡು ಬೆಳಗಿನಿಂದ ಸಂಜೆವರೆಗೆ ಅಂಗಳ, ಓಣಿ ಸುತ್ತುತ್ತಿದ್ದವನಿಗೆ ಕಾಣದ್ದು ಯಾವುದೂ ಇರಲಿಲ್ಲ. ಒಂದು ದಿನ ಬೆಳಿಗ್ಗೆ ಅಕ್ಕ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟರು. ಏಳು ಚುಕ್ಕಿಯದು, ಸಣ್ಣದು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದರೆ ಅದನ್ನು ಒರೆಸಿ, ಅದೇ ಜಾಗದಲ್ಲಿ ಅದೇ ಏಳು ಚುಕ್ಕಿಯನ್ನು ಮತ್ತೆ ಇಡುತ್ತಿದ್ದರು. ಓಡಿಬಂದು ಅಮ್ಮನಿಗೆ ಹೇಳಿದೆ: 'ಮೂಲೆಮನೆ ಅಕ್ಕ ಎರಡು ಸಲ ರಂಗೋಲಿ ಹಾಕಿದ್ರು'. ಅಮ್ಮ ಎದುರುಮನೆಯವರ ಮುಖ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಆ ಸುದ್ದಿ ಎಂಟೂ ಮನೆ ಮುಟ್ಟಿತು. ಎಂಟನೆಯದಕ್ಕೂ, ಯಾಕೆಂದರೆ ಸಂಜೆ ಅಕ್ಕನ ಗಂಡ ಕೆಲಸದಿಂದ ಬರುತ್ತಿದ್ದ ಹಾಗೇ ಯಜಮಾನರು ಕರೆದು ಮಾತಾಡಿದರು. ಬಾಗಿಲು ಹಾಕಿದ ಮೇಲೆ ಒಳಗಿನಿಂದ ಗಂಡನ ದನಿ ಮಾತ್ರ ಕೇಳಿಸಿತು. ಮಾರನೆಯ ವಾರ ಅಕ್ಕನನ್ನು ಮತ್ತೆ ಆಸ್ಪತ್ರೆಗೆ ತೋರಿಸಿಕೊಂಡು ಬಂದರು. ಡಾಕ್ಟರು ಏನೂ ತೊಂದರೆಯಿಲ್ಲ ಎಂದು ಕಳಿಸಿದರಂತೆ. ವಠಾರಕ್ಕೆ ಅದರಿಂದ ನಿರಾಸೆಯಾಯಿತು ಎಂದರೆ ಜಾಸ್ತಿಯಾಗಲಾರದು.

ಈ ನಿರಾಸೆಗೆ ಕಾರಣ ಹುಡುಕಲು ನನಗೆ ನಲವತ್ತು ವರ್ಷ ಬೇಕಾಯಿತು. ಚಿತ್ರವನ್ನು ಮತ್ತೆ ನೋಡಿದಾಗ ಹೊಳೆದದ್ದು ಇದು: 'ಶರಪಂಜರ' ಗುಣವಾದವಳನ್ನು ನಂಬಿ ಎಂದು ಎರಡು ಗಂಟೆ ವಾದ ಮಾಡಿ, ಕೊನೆಯ ಹತ್ತು ನಿಮಿಷದಲ್ಲಿ ಅವಳನ್ನು ಮತ್ತೆ ಹುಚ್ಚಿಯಾಗಿಸುತ್ತದೆ. ತಪ್ಪು ಸಮಾಜದ್ದು ಎಂದು ಪುಟ್ಟಣ್ಣ ಹೇಳುತ್ತಿದ್ದರು, ನಿಜ. ಟೆಂಟಿನ ಮರಳಿನ ಮೇಲೆ ಕೂತವರು ಮನೆಗೆ ಒಯ್ದದ್ದು ಆ ವಾದವನ್ನಲ್ಲ, ಆ ಹತ್ತು ನಿಮಿಷವನ್ನು. ಹುಚ್ಚು ಒಂದು ಸಲ ಹಿಡಿದರೆ ತಿರುಗಿ ಬಂದೇ ಬರುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡು ಬಂದಿದ್ದರು. ಆಮೇಲೆ ಮೂಲೆಮನೆಯ ಕೊನೆಯ ರೀಲಿಗಾಗಿ ಕಾದರು.

ಇನ್ನೊಂದು ತಕರಾರೂ ಇದೆ. ಕಾವೇರಿಯ ಕಾಯಿಲೆಗೆ ಚಿತ್ರ ಒಂದು ಹಳೆಯ ಗುಟ್ಟನ್ನು ಕಾರಣವಾಗಿ ಕೊಡುತ್ತದೆ. ಆ ಕಾಲಕ್ಕೆ ಅದು ಧೈರ್ಯದ ಕಥೆ, ಒಪ್ಪಿದೆ. ಆದರೆ ಬಾಣಂತಿಯ ಮನಸ್ಸು ಕೆಡಲು ಹಿಂದಿನ ಪ್ರಿಯಕರ ಬೇಕಿಲ್ಲ. ಸಾವಿರ ಹೆರಿಗೆಯಲ್ಲಿ ಒಂದೆರಡು ಕಡೆ ಇದು ಬರುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ, ಗುಟ್ಟು ಇದ್ದವರಿಗೂ ಇಲ್ಲದವರಿಗೂ. ಮೈಯೊಳಗಿನ ರಸಗಳ ಏರುಪೇರು, ನಿದ್ದೆಗೇಡು, ಮನೆತನದಲ್ಲಿ ಹಿಂದೆ ಇದ್ದ ಮನೋರೋಗ ಎಲ್ಲ ಸೇರಿ ಆಗುವಂಥದ್ದು. ಮದ್ದು ಕೊಟ್ಟರೆ ಬಹುಪಾಲು ಜನ ಗುಣವಾಗುತ್ತಾರೆ. ನಮ್ಮ ಹಳ್ಳಿಗಳಿಗೆ ಇದು ಎಂದೋ ಗೊತ್ತಿತ್ತು. ಬಾಣಂತಿ ಸನ್ನಿ ಎಂಬ ಮಾತು ಕಾದಂಬರಿಗಿಂತ ಬಲು ಹಳೆಯದು. ಸನ್ನಿ ಅಂದರೆ ಜ್ವರದ ಹಾಗೆ, ಬರುತ್ತದೆ, ಇಳಿಯುತ್ತದೆ. ನನ್ನಜ್ಜಿ ಬದುಕಿದ್ದಿದ್ದರೆ ಮೂಲೆಮನೆ ಅಕ್ಕನಿಗೆ 'ಸನ್ನಿ ಆಗಿತ್ತಂತೆ, ಹೋಯ್ತಂತೆ' ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದಳೋ ಏನೋ. ಪಿಚ್ಚರ್ ನೋಡುವ ನಾವು ಪಟ್ಟಣದವರು. ಪಂಜರವೇ ಬೇಕಾಯಿತು.

ತ್ರಿವೇಣಿಯವರನ್ನು ಈ ಮಾತಿಗೆ ಎಳೆಯಲಾರೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ಹೆಣ್ಣುಮಗಳು, ಹೆಸರು ಅನಸೂಯಾ ಶಂಕರ್. ಆಸ್ಪತ್ರೆಯಿಂದ ಬಂದವಳ ಕಷ್ಟ ಆಸ್ಪತ್ರೆಯ ಗೇಟಿನಾಚೆ ಶುರುವಾಗುತ್ತದೆ ಎಂದು ಕನ್ನಡದಲ್ಲಿ ಬರೆದರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು, ಮೂವತ್ತೈದು ತುಂಬಿರಲಿಲ್ಲ. ತಮ್ಮ ಕಾದಂಬರಿಗಳು ಪುಟ್ಟಣ್ಣನವರ ಕೈಯಲ್ಲಿ 'ಬೆಳ್ಳಿಮೋಡ'ವಾಗಿ, 'ಶರಪಂಜರ'ವಾಗಿ ತೆರೆಗೆ ಬಂದದ್ದನ್ನು ಅವರು ನೋಡಲಿಲ್ಲ.

ಕಲ್ಪನಾ 1979ರ ಮೇ ತಿಂಗಳಲ್ಲಿ, ಸಂಕೇಶ್ವರದ ಹತ್ತಿರದ ಗೋಟೂರಿನ ಪ್ರವಾಸಿ ಮಂದಿರದಲ್ಲಿ ಸತ್ತರು. ನಾಟಕದ ಕಂಪನಿಯ ಜೊತೆ ತಿರುಗಾಟದಲ್ಲಿದ್ದರು. ಮೂವತ್ತಾರು ತುಂಬಿರಲಿಲ್ಲ. ಸುದ್ದಿ ಬಂದ ದಿನ ನಲ್ಲಿಯ ಹತ್ತಿರ ಎಲ್ಲರೂ ಅತ್ತರು. 'ಆ ಪಾತ್ರ ಮಾಡಿದಾಗಲೇ ತಲೆಗೆ ಹತ್ತಿತ್ತಂತೆ' ಎಂದು ಎದುರುಮನೆಯವರು ಹೇಳಿದರು, ಖಂಡಿತವಾಗಿ, ಪಕ್ಕದಲ್ಲೇ ನಿಂತು ನೋಡಿದವರ ಹಾಗೆ. ಬದುಕಿದ್ದಾಗ ಸೀರೆ, ಬಳೆ, ಉಂಗುರ ಎಲ್ಲವನ್ನೂ ಅವರಿಂದ ತೆಗೆದುಕೊಂಡವರು ಸತ್ತ ಮೇಲೆ ಸಾವನ್ನೂ ಪಾತ್ರದ ತಲೆಗೆ ಕಟ್ಟಿಬಿಟ್ಟರು. ಅಷ್ಟು ಹೊತ್ತಿಗೆ ಮೂಲೆಮನೆ ಖಾಲಿಯಾಗಿ ವರ್ಷವಾಗಿತ್ತು. ಯಜಮಾನರು ಅವರನ್ನು ಬಿಡಿಸಲಿಲ್ಲ, ಬಾಡಿಗೆ ಹೆಚ್ಚು ಮಾಡಿದರು. ಅವರು ಕೆಂಗೇರಿ ಕಡೆ ಹೋದರು ಎಂದಷ್ಟು ಗೊತ್ತಾಯಿತು. ಆಗ ಕೆಂಗೇರಿ ಅಂದರೆ ಬೆಂಗಳೂರಿನ ಹೊರಗೆ. ಹೋದವರು ಹೋದ ಹಾಗೆ.

ಈಗ ಆ ವಠಾರವಿಲ್ಲ. ಅಂಗಳದ ಜಾಗದಲ್ಲಿ ನಾಲ್ಕು ಅಂತಸ್ತು, ನೆಲದಲ್ಲಿ ಕಾರು ನಿಲ್ಲುತ್ತವೆ, ನಲ್ಲಿಯಿದ್ದ ಮೂಲೆಯಲ್ಲಿ ಲಿಫ್ಟ್. ಟೆಂಟ್ ಇದ್ದದ್ದೆಲ್ಲಿ ಎಂದು ಕಾಮಾಕ್ಷಿಪಾಳ್ಯದಲ್ಲಿ ಒಂದು ಭಾನುವಾರ ಅಲೆದೆ, ಗುರುತು ಹಿಡಿಯಲಾಗಲಿಲ್ಲ. ನವರಂಗ್ ಟಾಕೀಸು ಸರ್ಕಲ್ಲಿಗೆ ತನ್ನ ಹೆಸರು ಕೊಟ್ಟು ಕೂತಿದೆ. ಅದೇ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಮುಂದೆ ಹೋದರೆ ಓರಾಯನ್ ಮಾಲು, ಅಲ್ಲಿ ಪಾಪ್‌ಕಾರ್ನಿಗೆ ಕೊಡುವ ದುಡ್ಡಿನಲ್ಲಿ ನಮ್ಮ ಏಳು ಮನೆಯವರು ಎಷ್ಟು ವರ್ಷ ಪಿಚ್ಚರ್ ನೋಡುತ್ತಿದ್ದರೋ, ಲೆಕ್ಕ ಹಾಕುವ ಚಪಲ ನನಗೆ ಇನ್ನೂ ಹೋಗಿಲ್ಲ. ಅತ್ತ ಕಂಠೀರವ ಸ್ಟುಡಿಯೋ ಅಂದರೆ ಜನಕ್ಕೆ ಈಗ ಮೊದಲು ನೆನಪಾಗುವುದು ರಾಜ್‌ಕುಮಾರ್, ಪುನೀತ್ ಸಮಾಧಿ, ಶೂಟಿಂಗ್ ಆಮೇಲೆ.

2022ರಲ್ಲಿ ನನ್ನ ಮಗಳಿಗೆ ಹೆರಿಗೆಯಾಯಿತು. ವಿಜಯನಗರದ ನಮ್ಮ ಮನೆಯಲ್ಲೇ ಬಾಣಂತನ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸಾಂಬ್ರಾಣಿ ಹೊಗೆ, ಅಂಟಿನುಂಡೆ ಎಲ್ಲ ಅಮ್ಮನ ಕಾಲದಲ್ಲಿ ಹೇಗೋ ಹಾಗೇ. ಮೂರನೆಯ ವಾರ ತಪಾಸಣೆಗೆ ಹೋದಾಗ ನರ್ಸ್ ಒಂದು ಹಾಳೆ ಕೊಟ್ಟರು. ಹತ್ತು ಪ್ರಶ್ನೆ, ಕನ್ನಡದಲ್ಲಿ: ಕಳೆದ ಏಳು ದಿನದಲ್ಲಿ ನಗು ಬಂತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ನಿದ್ದೆ ಬಂತೇ ಎಂಬ ಧಾಟಿಯವು. 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ ಪಟ್ಟಿಯಂತೆ, ಲೋಕದ ಎಲ್ಲ ಕಡೆ ಬಳಸುತ್ತಾರಂತೆ. ಮಗಳು ಗುರುತು ಹಾಕಿ ಕೊಟ್ಟಳು. ಅಂಕ ಜಾಸ್ತಿ ಬಂತು. ಸನ್ನಿಯ ಮಟ್ಟದ್ದೇನಲ್ಲ, ಖಿನ್ನತೆ, ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿ ಮನೋವೈದ್ಯರ ಹೆಸರು ಬರೆದುಕೊಟ್ಟರು. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ ಇದೆ, ಬೇಕಾದರೆ ಅಲ್ಲಿಗೂ ಹೋಗಬಹುದು ಎಂದರು. ಇಷ್ಟು ಆಗಲು ಇಪ್ಪತ್ತು ನಿಮಿಷ. ದೇವಸ್ಥಾನ ಇಲ್ಲ, ಬಾವಿ ಇಲ್ಲ.

ಆಟೋ ಹತ್ತುತ್ತಿದ್ದ ಹಾಗೆ ನನ್ನ ಹೆಂಡತಿ ಹೇಳಿದ ಮೊದಲ ಮಾತು: 'ಕೆಂಗೇರಿಯವರಿಗೆ ಹೇಳೋದು ಬೇಡ.' ಕೆಂಗೇರಿಯವರು ಅಂದರೆ ಬೀಗರು. ನಾನು ತಲೆಯಾಡಿಸಿದೆ. ಮಾರನೆಯ ದಿನ ಆಫೀಸಿನಲ್ಲಿ 'ಮಗಳು ಹೇಗಿದ್ದಾಳೆ ಸಾರ್' ಎಂದಾಗ 'ಸ್ವಲ್ಪ ಲೋ ಬಿಪಿ' ಎಂದೆ. ಸರಾಗವಾಗಿ ಬಂತು ಸುಳ್ಳು. ಮಗಳೇ ನಮಗಿಂತ ಮೇಲು. ಅತ್ತೆಗೆ ತಾನೇ ಫೋನ್ ಮಾಡಿ ಹೇಳಿದಳು. ಅವರು, ಇಪ್ಪತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವರು, 'ಮಾತ್ರೆ ತಪ್ಪಿಸ್ಬೇಡ' ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೋದರಂತೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಯಾರೋ ಪ್ರಾಣಾಯಾಮ ಮಾಡು, ಜಾಸ್ತಿ ಯೋಚಿಸಬೇಡ ಎಂದು ಹೂವಿನ ಚಿತ್ರದ ಜೊತೆ ಕಳಿಸಿದ್ದರು.

ಆ ದಿನಗಳಲ್ಲೇ ಒಂದು ರಾತ್ರಿ ಮಗು ಮಲಗದೆ, ಮಗಳೂ ನಾನೂ ಎದ್ದಿದ್ದಾಗ, ಫೋನಿನಲ್ಲಿ 'ಶರಪಂಜರ' ಹಾಕಿದೆ. ಟೆಂಟಿನ ಕಥೆ ಹೇಳಿದ್ದೆ, ಅವಳಿಗೂ ಕುತೂಹಲ. ಬೇಂದ್ರೆಯವರ ಪದ್ಯದ ಹಾಡು ಬಂದಾಗ ತಲೆದೂಗಿದಳು, ಕಲ್ಪನಾ ನಡಿಗೆಗೆ ನಕ್ಕಳು, ಅರ್ಧ ದಾಟಿದ ಮೇಲೆ ನಗು ನಿಂತಿತು. ಕೊನೆಗೆ ಕೇಳಿದ್ದು ಒಂದೇ: 'ಆ ಗಂಡ ನಾಲ್ಕು ರಾತ್ರಿ ಮಗೂನ ತಾನು ನೋಡ್ಕೊಂಡು ಅವಳನ್ನ ಮಲಗೋಕೆ ಬಿಟ್ಟಿದ್ರೆ, ಅಪ್ಪ?' ಪುಟ್ಟಣ್ಣನವರಾಗಲಿ ನಾನಾಗಲಿ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಅವಳ ಮಗುವನ್ನು ನಾನು ಎತ್ತಿಕೊಂಡೆ. ಬೆಳಿಗ್ಗೆ ಏಳರವರೆಗೆ ಮಲಗಿದಳು.

ಅದೇ ವರ್ಷದ ಕೊನೆಯಲ್ಲಿ ಚಂದ್ರಾ ಲೇಔಟಿನ ಛತ್ರದಲ್ಲೊಂದು ಮದುವೆ. ಎದುರುಮನೆಯವರ ಮೊಮ್ಮಗನದು. ಎದುರುಮನೆಯವರು ಈಗ ಹಾಸಿಗೆ ಹಿಡಿದಿದ್ದಾರೆ, ಅಮ್ಮ ಹೋಗಿ ಒಂಬತ್ತು ವರ್ಷ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಎಪ್ಪತ್ತರ ಮೇಲೆ ವಯಸ್ಸು, ಬಿಳಿ ತುರುಬು, ದಪ್ಪ ಕನ್ನಡಕ. 'ನೀನು ರಾಜಾಜಿನಗರದ ಟೈರು ಅಲ್ವೇನೋ?' ಅಂದರು. ವಠಾರದಲ್ಲಿ ನನ್ನ ಅಡ್ಡಹೆಸರು ಅದೇ. ಅಡ್ಡಹೆಸರುಗಳ ವಿಷಯದಲ್ಲಿ ನಮ್ಮ ವಠಾರ ಯಾರಿಗೂ ಭೇದ ಮಾಡಿರಲಿಲ್ಲ.

ಇಬ್ಬರೂ ಒಟ್ಟಿಗೆ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆವು. ಹಿಂದಿನ ವರ್ಷದ ಆಗಸ್ಟಿನಲ್ಲಿ ಆ ಲೈನು ಕೆಂಗೇರಿವರೆಗೆ ಬಂದಿತ್ತು. ಅವರು ಹೋಗಬೇಕಾದದ್ದು ಕೊನೆಯ ಸ್ಟೇಷನ್ನಿಗೆ, ನಾನು ಮಗಳ ಮನೆಗೆಂದು ಪಟ್ಟಣಗೆರೆಗೆ. ನಾಯಂಡಹಳ್ಳಿ ಬರುವ ಹೊತ್ತಿಗೆ ತಮ್ಮ ನಲವತ್ತಾರು ವರ್ಷವನ್ನು ಹೇಳಿ ಮುಗಿಸಿದ್ದರು. ಗಂಡ ಕೊನೆಯವರೆಗೆ ಲೇತ್ ಬಿಡಲಿಲ್ಲ, ಆರು ವರ್ಷದ ಹಿಂದೆ ತೀರಿಕೊಂಡರು. ದೊಡ್ಡ ಮಗ, ವಠಾರದಲ್ಲಿ ಕಂಕುಳಲ್ಲಿದ್ದವನು, ಬಿಡದಿಯ ಕಡೆ ಕೆಲಸದಲ್ಲಿದ್ದಾನೆ. ಎರಡನೆಯದು ಬೇಡ ಎಂದು ಡಾಕ್ಟರು ಹೇಳಿದ್ದರಂತೆ. 'ನಾನೆಲ್ಲಿ ಕೇಳ್ತೀನಿ? ಹೆಣ್ಣು ಬೇಕಿತ್ತು. ಆಗ್ಲೂ ಆಯ್ತು ಕಣೋ ಹಂಗೇ. ಮೂರು ವಾರ ಹೋಗಿದ್ದೆ, ಬಂದೆ. ಆಮೇಲೆ ಇಲ್ಲ.' ಸಕ್ಕರೆ ಕಾಯಿಲೆಯ ಬಗ್ಗೆ ಹೇಳುವ ಹಾಗೆ ಹೇಳಿದರು. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿ ಕಿವಿಯಿಂದ ಒಂದು ಇಯರ್‌ಫೋನ್ ತೆಗೆದಳು.

ರಾಜರಾಜೇಶ್ವರಿನಗರ ದಾಟಿದ ಮೇಲೆ ನಾನೇ ಬಾಯಿಬಿಟ್ಟು, ನಮ್ಮ ಕಡೆಯಿಂದ ತಪ್ಪಾಗಿತ್ತು ಎಂಬರ್ಥದ ಏನನ್ನೋ ತೊದಲಿದೆ. ಅವರು ಕೇಳಿಸಿಕೊಂಡು, 'ಆ ಹೆಸರು ನಂಗೆ ಗೊತ್ತಿತ್ತು ಬಿಡು' ಎಂದರು. 'ಆದ್ರೆ ಆ ಪಿಚ್ಚರ್ ನಾನು ಇವತ್ತಿನವರೆಗೂ ನೋಡಿಲ್ಲ. ನಿಮ್ಮಮ್ಮ ಎಲ್ಲರ ಬಾಗಿಲೂ ತಟ್ಟಿದ್ರು ಅವತ್ತು. ನಾನು ಸೀರೆ ಬದಲಾಯಿಸ್ಕೊಂಡು ಕೂತಿದ್ದೆ.'

ಫೋನಿನಲ್ಲಿದೆ, ಈಗಲೇ ಹಾಕಿಕೊಡುತ್ತೇನೆ ಎಂದೆ. ಬೇಡ, ಕಣ್ಣಿಗೆ ಆಗಲ್ಲ ಎಂದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ರಂಗೋಲಿಯ ಮಾತು ಎತ್ತಬೇಕೆಂದಿರಲಿಲ್ಲ. ಜ್ಞಾನಭಾರತಿ ಸ್ಟೇಷನ್ನಿನಲ್ಲಿ ಬಾಗಿಲು ಮುಚ್ಚಿದ ಮೇಲೆ ಎತ್ತಿಬಿಟ್ಟೆ: ಅವತ್ತು ಯಾಕೆ ಎರಡು ಸಲ ಹಾಕಿದಿರಿ ಅಕ್ಕ?

ಅವರಿಗೆ ಯೋಚಿಸಬೇಕಾಗಲಿಲ್ಲ. 'ನೀನು ಅದರ ಮೇಲೇ ಟೈರ್ ಓಡಿಸ್ಕೊಂಡು ಹೋದ್ಯಲ್ಲೋ' ಎಂದರು.

ಪಟ್ಟಣಗೆರೆ ಬಂತು, ಇಳಿದೆ.